ಘಾಟಿ ಏರಲು ಎಷ್ಟು ಹಗುರಾಗಬೇಕು

ಸೇಂ-ಮೊರೆಲ್, ಆರ್ದೆಶ್
12 ಏಪ್ರಿಲ್ 1986

ಪ್ರೀತಿಯ ಅಣ್ಣ ಎತಿಯೆನ್‌ಗೆ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಇಲ್ಲಿ ಬೇಸಿಗೆ ಬಂದಿರುತ್ತದೆ, ಅಲ್ಲಿ ಚಳಿಗಾಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಹಡಗು ಬರುವ, ದಕ್ಷಿಣ ಸಮುದ್ರದ ಕೆರ್ಗೆಲೆನ್ ದ್ವೀಪಕ್ಕೆ ಅಡುಗೆಯವನಾಗಿ ಹೋಗಬೇಕೆಂದು ನಿನಗೆ ಯಾಕನ್ನಿಸಿತೋ. ಅಪ್ಪ ಈಗಲೂ ಗಿರಾಕಿಗಳ ಮುಂದೆ ಅದೇ ಪುರಾಣ ತೆಗೆಯುತ್ತಾನೆ: "ದೊಡ್ಡವನು ಪೆಂಗ್ವಿನ್‌ಗಳಿಗೆ ಬ್ರೆಡ್ಡು ಮಾಡಿ ಹಾಕೋಕೆ ಹೋದ. ಚಿಕ್ಕವನು ಸೈಕಲ್ ಮೇಲೆ ಕೂತು ಗಾಳಿ ತಿಂತಾನೆ. ನನ್ನ ಬೇಕರಿ ನನ್ನ ಜೊತೇಲೇ ಮುಚ್ಚಿಹೋಗತ್ತೆ, ನೋಡ್ತಿರಿ."

ಬೆಳಿಗ್ಗೆ ವ್ಯಾನಿನಲ್ಲಿ ಮೇಲಿನ ಹಳ್ಳಿಗಳಿಗೆ ಬ್ರೆಡ್ಡು ಹಂಚಿ ಬರುತ್ತೇನೆ. ಮಧ್ಯಾಹ್ನದ ಮೇಲೆ ಅದೇ ದಾರಿಯಲ್ಲಿ ಸೈಕಲ್ಲು. ವ್ಯಾನಿನಲ್ಲಿ ಹೋಗುವಾಗ ಅದೊಂದು ದಾರಿ, ಸೈಕಲ್ಲಿನಲ್ಲಿ ಹೋಗುವಾಗ ಬೇರೆಯೇ. ಗಿರಣಿ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಆಯಿತು, ಕಾರಿನ ಸದ್ದು ಹಿಂದೆ ಉಳಿಯುತ್ತದೆ. ಡಾಂಬರಿನ ನಡುವೆ ಹುಲ್ಲು ಬೆಳೆದಿದೆ. ಚೆಸ್ಟ್‌ನಟ್ ಮರಗಳ ಕೆಳಗೆ ಹೋಗುವಾಗ ನನ್ನ ಚೈನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ವೆರ್ನೆಯಲ್ಲಿ ಲೆಯೊಂತೀನ್ ಅಜ್ಜಿ ಬಾಗಿಲಲ್ಲಿ ನಿಂತು, "ಬೆಳಿಗ್ಗೆ ಬಂದಿದ್ದೆ, ಈಗ ಮತ್ತೆ ಯಾಕೋ? ಏನಾದ್ರೂ ಮರೆತೆಯಾ?" ಎಂದು ದಿನವೂ ಕೇಳುತ್ತಾಳೆ. ಅಲ್ಲಿಂದ ಮುಂದೆ ಫಾಯೊಲ್ ಘಾಟಿ.

ಹೋದ ಸೆಪ್ಟೆಂಬರಿನ ಘಾಟಿಯ ಸೈಕಲ್ ಪಂದ್ಯ ನಿನಗೆ ಗೊತ್ತಲ್ಲ. ಇನ್ನೆರಡು ತಿರುವಿದ್ದಾಗ ಎಲ್ಲರೂ ನನ್ನನ್ನು ಬಿಟ್ಟು ಹೋದರು. ಕ್ಲಬ್ಬಿನ ಬ್ಲಾಶೇರ್ ಮೇಲೆ ನಿಂತು ಅಷ್ಟು ಜನರೆದುರು, "ಬೇಕರಿಯವನ ಮಗ ಅಲ್ವಾ, ಹೊಟ್ಟೇಲಿ ಒಂದು ಬ್ರೆಡ್ಡು ಹೊತ್ಕೊಂಡೇ ಹತ್ತುತಾನೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ವರ್ಷ ಬೆಣ್ಣೆ ಬಿಟ್ಟಿದ್ದೇನೆ, ಸಿಹಿ ಬಿಟ್ಟಿದ್ದೇನೆ. ಅಷ್ಟೇ. ಆಗಲೇ ವ್ಯತ್ಯಾಸ ಗೊತ್ತಾಗುತ್ತಿದೆ.

ನಿನ್ನ
ಬೆನುವಾ


ಕೆರ್ಗೆಲೆನ್
3 ಜುಲೈ 1986

ತಮ್ಮಾ ಬೆನುವಾ,

ಹಡಗು ಬಂತು. ನಿನ್ನ ಕಾಗದ, ಅಪ್ಪನ ಕಾಗದ, ಈರುಳ್ಳಿ, ಹಿಟ್ಟು, ಎಲ್ಲಾ ಒಟ್ಟಿಗೆ ಇಳಿದವು. ಹಡಗು ನಾಳೆಯೇ ಹೊರಡುತ್ತದಂತೆ, ಅಷ್ಟರೊಳಗೆ ಬರೆಯಬೇಕು.

ಇಲ್ಲಿ ಮರ ಎನ್ನುವುದಿಲ್ಲ. ಗಾಳಿ ಮಾತ್ರ ಇದೆ. ಅಡುಗೆಮನೆಯ ಬಾಗಿಲು ತೆರೆಯಲು ಇಬ್ಬರು ಬೇಕು. ಹವಾಮಾನದವರು, ಹಕ್ಕಿ ಎಣಿಸುವವರು, ಮೆಕ್ಯಾನಿಕ್ಕುಗಳು, ಇಷ್ಟು ಗಂಡಸರಿಗೆ ದಿನಕ್ಕೆ ಎರಡು ಹೊತ್ತು ಬೇಯಿಸಿ ಹಾಕುತ್ತೇನೆ. ಮೊದಲ ವಾರ ನನ್ನ ಬ್ರೆಡ್ಡು ಉಬ್ಬಲೇ ಇಲ್ಲ. ಹಕ್ಕಿ ಎಣಿಸುವವನೊಬ್ಬ ಅದನ್ನು ಕುಟ್ಟಿ ನೋಡಿ, "ಭಟ್ರೇ, ಇದನ್ನ ತಿನ್ನೋದಾ, ಮನೆ ಕಟ್ಟೋದಾ?" ಅಂದ. ಈಗ ಸರಿಹೋಗಿದೆ. ನಾನು ಒಲೆಯಿಂದ ತೆಗೆಯುವ ಹೊತ್ತಿಗೆ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿರುತ್ತಾರೆ.

ಅಪ್ಪ ನಿನ್ನ ಮೇಲೆ ದೂರು ಬರೆದಿದ್ದಾನೆ. ನೀನು ಕಡ್ಡಿಯಾಗಿದ್ದೀಯಂತೆ, ಊಟಕ್ಕೆ ಕೂತರೆ ತಟ್ಟೆಯಲ್ಲಿ ಕೋಳಿಯ ಹಾಗೆ ಕೆದಕುತ್ತೀಯಂತೆ. ಅಪ್ಪನ ಲೆಕ್ಕದಲ್ಲಿ ನೂರು ಕಿಲೋ ಇಲ್ಲದವರೆಲ್ಲ ರೋಗಿಗಳೇ. ತಲೆ ಕೆಡಿಸಿಕೊಳ್ಳಬೇಡ. ಘಾಟಿ ಏರುವವನು ಹಕ್ಕಿಯ ಹಾಗೆ ಹಗುರಾಗಿರಬೇಕು. ಆ ಬ್ಲಾಶೇರನ ಬಾಯಿ ಮುಚ್ಚಿಸಿ ನನಗೆ ಬರೆ.

ಎತಿಯೆನ್


ಸೇಂ-ಮೊರೆಲ್
20 ಸೆಪ್ಟೆಂಬರ್ 1986

ಪ್ರೀತಿಯ ಅಣ್ಣ,

ಗೆದ್ದೆ!

ಪತ್ರಿಕೆಯ ತುಂಡು ಇದರೊಳಗಿದೆ. ವೆರ್ನೆ ದಾಟಿದ ಮೇಲೆ ನಾಲ್ಕೇ ಜನ ಉಳಿದಿದ್ದೆವು. ಪಕ್ಕದವರ ಏದುಸಿರು ಕೇಳುತ್ತಿತ್ತು. ನನಗೆ ನನ್ನ ಉಸಿರೇ ಕೇಳಿಸುತ್ತಿರಲಿಲ್ಲ. ಕೊನೆಯ ಎರಡು ತಿರುವುಗಳಲ್ಲಿ ನಾನು ಏರಿದೆನೋ, ಯಾರಾದರೂ ಮೇಲಿನಿಂದ ಎಳೆದುಕೊಂಡರೋ ಗೊತ್ತಿಲ್ಲ. ಬ್ಲಾಶೇರ್ ಬಂದು ಕೈ ಕುಲುಕಿದ. "ಏನೋ, ಎಲುಬನ್ನೂ ಕೆತ್ತಿಸಿ ಹಗುರ ಮಾಡಿಸಿಕೊಂಡ್ಯಾ?" ಅಂದ. ಇದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿ ಯಾರೂ ಕೇಳಿಲ್ಲ.

ಈ ವರ್ಷ ಚಳಿ ಬೇಗ ಬಂದಿದೆ. ನಾನು ಆಗಲೇ ಉಣ್ಣೆಯ ಟೋಪಿ ಹಾಕಿಕೊಂಡೇ ಮಲಗುತ್ತೇನೆ. ಅಪ್ಪನಿಗೆ ಚಳಿಯೇ ಆಗುವುದಿಲ್ಲವಂತೆ, ಬರೀ ಅಂಗಿಯಲ್ಲೇ ಓಡಾಡುತ್ತಾನೆ. ಒಲೆಯ ಮುಂದೆ ಬೆಂದ ಮೈ, ಅವನಿಗೇನು.

ಮೊನ್ನೆ ಲೆಯೊಂತೀನ್ ಅಜ್ಜಿ ನನ್ನನ್ನು ಹಿಡಿದು ನಿಲ್ಲಿಸಿ, "ನಿಮ್ಮನೇಲಿ ಯಾರಿಗೆ ಹುಷಾರಿಲ್ಲ ಮಗಾ?" ಎಂದು ಕೇಳಿದಳು. ಯಾರಿಗೂ ಏನೂ ಆಗಿಲ್ಲ ಎಂದರೂ ಒಳಗೆ ಕೂರಿಸಿ ಹಂದಿಮಾಂಸ ಹಾಕಿದ ಕೋಸಿನ ಸೂಪು ಬಡಿಸಿದಳು. ಆಕೆ ಕೋಳಿಗೂಡಿನ ಕಡೆ ಹೋದಾಗ ಅವಳ ನಾಯಿಗೆ ಹಾಕಿಬಿಟ್ಟೆ. ಪಾಪ, ಅದು ತುಂಬಾ ಬಡಕಲಾಗಿದೆ.

ಫೆಬ್ರವರಿಗೆ ಬರುತ್ತೀಯಲ್ಲ? ಬಂದ ಮೇಲೆ ಇಬ್ಬರೂ ಒಟ್ಟಿಗೆ ಏರೋಣ. ನಿನ್ನನ್ನು ಕಾಯುತ್ತಾ ಹೋಗುತ್ತೇನೆ, ಹೆದರಬೇಡ.

ಬೆನುವಾ


ಕೆರ್ಗೆಲೆನ್
28 ನವೆಂಬರ್ 1986

ಗೆದ್ದವನೇ,

ನಿನ್ನ ಪತ್ರಿಕೆಯ ತುಂಡನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಭಾನುವಾರ ಎಲ್ಲರಿಗೂ ಒಂದೊಂದು ಲೋಟ ವೈನು ಹೆಚ್ಚಿಗೆ ಕೊಟ್ಟೆ. ನಿನ್ನ ಮುಖವನ್ನೇ ನೋಡದವರು ನಿನ್ನ ಹೆಸರು ಹೇಳಿ ಕುಡಿದರು. ಪತ್ರಿಕೆಯವರ ಮುದ್ರಣ ಮಾತ್ರ ದರಿದ್ರ. ಚಿತ್ರದಲ್ಲಿ ಸೈಕಲ್ ನೋಡಿ ಗುರುತು ಹಿಡಿದೆ, ನಿನ್ನನ್ನಲ್ಲ. ಕೆನ್ನೆಯ ಜಾಗದಲ್ಲಿ ಮಸಿ ಬಿದ್ದಿದೆ. ಮೆಕ್ಯಾನಿಕ್ಕು ನೋಡಿ, "ಇವನು ನಿಮ್ಮ ತಮ್ಮನಾ? ನಿಮ್ಮ ತಾತ ಅಂದ್ಕೊಂಡೆ" ಅಂದ. ನಕ್ಕು ನಕ್ಕು ಸಾಕಾಯಿತು.

ಅಜ್ಜಿಯ ನಾಯಿಗೆ ಆಗಾಗ ಏನಾದರೂ ಹಾಕುತ್ತಿರು. ಪುಣ್ಯ ಬರುತ್ತದೆ.

ಒಂದು ಮಾತು ಬರೆಯಬೇಕು, ಇಷ್ಟು ಹೊತ್ತು ಮುಂದೂಡಿದೆ. ನಾನು ಫೆಬ್ರವರಿಗೆ ಬರುತ್ತಿಲ್ಲ. ಇನ್ನೊಂದು ವರ್ಷಕ್ಕೆ ಒಪ್ಪಿಕೊಂಡಿದ್ದೇನೆ. ಅಪ್ಪನಿಗೂ ನನಗೂ ಒಂದೇ ಒಲೆಯ ಮುಂದೆ ಆಗಿಬರುವುದಿಲ್ಲ ಎಂಬುದು ನಿನಗೆ ಗೊತ್ತು. ಇಲ್ಲಿ ನಾನು ಮಾಡಿದ್ದನ್ನು ಜನ ಮಾತಿಲ್ಲದೆ ತಿನ್ನುತ್ತಾರೆ. ನೀನಿದ್ದೀಯಲ್ಲ, ಅಪ್ಪನನ್ನು ನೋಡಿಕೊಳ್ಳುತ್ತೀಯ. ನನಗಿಂತ ನೀನು ಗಟ್ಟಿ.

ಎತಿಯೆನ್


ಸೇಂ-ಮೊರೆಲ್
2 ಫೆಬ್ರವರಿ 1987

ಅಣ್ಣ,

ನಿನ್ನ ಕಾಗದ ಬಂತು. ಇನ್ನೊಂದು ವರ್ಷ ಇರುವುದು ಒಳ್ಳೆಯದೇ. ನನಗೇನೂ ಬೇಸರವಿಲ್ಲ.

ಹಿಮ ಬಿದ್ದಿದೆ. ಆದರೂ ಹೋಗುತ್ತೇನೆ. ಕ್ಲಬ್ಬಿನವರು ಯಾರೂ ಈ ಕಾಲದಲ್ಲಿ ಸೈಕಲ್ ಮುಟ್ಟುವುದಿಲ್ಲ, ಹಾಗಾಗಿ ದಾರಿಯೆಲ್ಲ ನನ್ನದೇ. ಒಂದು ದಿನ ಹೋಗದಿದ್ದರೆ ಮೈಯಲ್ಲಿ ಏನೋ ತುಂಬಿಕೊಂಡ ಹಾಗೆ ಕಸಿವಿಸಿ. ಹೋದ ವಾರ ಗಿರಣಿ ಸೇತುವೆಯ ಹತ್ತಿರ ಜಾರಿ ಬಿದ್ದೆ. ಮೊಣಕೈ ಗಾಯ ಇನ್ನೂ ಮಾಗಿಲ್ಲ. ಚಳಿಗೆ ಗಾಯ ಬೇಗ ಮಾಗುವುದಿಲ್ಲವಂತೆ.

ಅಪ್ಪನ ತಲೆ ಸರಿಯಿಲ್ಲ. ನೀನು ಬರುವುದಿಲ್ಲ ಎಂದು ತಿಳಿದ ಮೇಲೆ ಹೀಗಾಗಿದೆ. ಮೊನ್ನೆ ಮಧ್ಯಾಹ್ನ ಬ್ರೆಡ್ಡಿನ ಒಂದು ತುಂಡು ಮುರಿದು ನನ್ನ ಮುಂದಿಟ್ಟು, "ಇದನ್ನ ತಿನ್ನೋವರೆಗೆ ಏಳಬೇಡ" ಅಂದ. ನಾನೇನು ಎಳೆಮಗುವೇ? ನಾನು ಕೂತೆ, ಅವನೂ ಕೂತ. ಬೀದಿ ದೀಪ ಹತ್ತಿತು. ಆಮೇಲೆ ಅವನೇ ಎದ್ದು ಮೇಜು ಗುದ್ದಿ, "ಊರಿಗೆಲ್ಲ ಬ್ರೆಡ್ಡು ಹಾಕ್ತೀನಿ ಕಣೋ, ಊರಿಗೆಲ್ಲ!" ಎಂದು ಕೂಗಿ, ಹಿಟ್ಟಿನ ಕೋಣೆಗೆ ಹೋಗಿ ಅತ್ತ. ಅವನು ಅತ್ತದ್ದನ್ನು ನಾನು ಅಮ್ಮ ತೀರಿಕೊಂಡಾಗಲೂ ನೋಡಿರಲಿಲ್ಲ. ನೀನು ಅವನಿಗೆ ಸ್ವಲ್ಪ ಸಮಾಧಾನವಾಗುವಂತೆ ಬರೆ.

ಈ ಚಳಿಗಾಲ ಮುಗಿಯುತ್ತಲೇ ಇಲ್ಲ ಅಣ್ಣ. ಘಾಟಿಯ ಮೇಲೆ ತಲುಪಿದಾಗ ಒಂದು ಕ್ಷಣ ನನ್ನ ತಲೆಯೊಳಗೆ ಯಾರೂ ಮಾತಾಡುವುದಿಲ್ಲ. ಆ ಒಂದು ಕ್ಷಣಕ್ಕಾಗಿ ಹೋಗುತ್ತೇನೆ. ಅದು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದೆ. ಇನ್ನೂ ಸ್ವಲ್ಪ ಹಗುರಾದರೆ ಸರಿಹೋಗುತ್ತದೆ ಅನ್ನಿಸುತ್ತದೆ.

ಬೆನುವಾ


ಕೆರ್ಗೆಲೆನ್
9 ಏಪ್ರಿಲ್ 1987

ಬೆನುವಾ, ನನ್ನ ಕಂದಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಓದಿ ಸುಮ್ಮನೆ ಆಲೂಗಡ್ಡೆ ಸುಲಿಯಲು ಕೂತೆ. ಆಮೇಲೆ ಎದ್ದು ಹೋಗಿ ಗೋಡೆಯ ಮೇಲಿನ ಚಿತ್ರ ಕಿತ್ತು ಬೆಳಕಿಗೆ ಹಿಡಿದೆ. ಅದು ಮಸಿಯಲ್ಲ. ನಿನ್ನ ಕೆನ್ನೆಯಲ್ಲಿ ಗುಂಡಿ ಬಿದ್ದಿದೆ. ಇಷ್ಟು ತಿಂಗಳು ಅದರ ಕೆಳಗೆ ಕೂತು ಊಟ ಮಾಡಿದ್ದೇನೆ.

ನಿನ್ನ ಹಳೆಯ ಕಾಗದಗಳನ್ನೂ ತೆಗೆದು ಓದಿದೆ. ಒಂದು ವರ್ಷದಲ್ಲಿ ನೀನು ಏನನ್ನಾದರೂ ತಿಂದೆ ಎಂದು ಒಮ್ಮೆಯೂ ಬರೆದಿಲ್ಲ. ಹಂಚಿದ್ದು, ಬಿಟ್ಟಿದ್ದು, ನಾಯಿಗೆ ಹಾಕಿದ್ದು ಮಾತ್ರ ಬರೆದಿದ್ದೀಯ. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ನಾನೇ ನಿನಗೆ ತಿನ್ನಿಸುತ್ತಿದ್ದೆ. ಚಮಚ ಹತ್ತಿರ ತಂದರೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದೆ. ಆ ಬಾಯಿ ಯಾವಾಗ ಮುಚ್ಚಿತು, ನನಗೆ ಗೊತ್ತೇ ಆಗಲಿಲ್ಲ.

ನಾನು ಬರುತ್ತೇನೆ. ಇವತ್ತೇ ಹಡಗು ಹತ್ತುತ್ತಿದ್ದೆ. ಬದಲಿ ಅಡುಗೆಯವನು ಬರುವವರೆಗೆ ಬಿಡುವುದಿಲ್ಲ ಎನ್ನುತ್ತಾರೆ. ಅವನು ಮುಂದಿನ ಹಡಗಿಗೆ ಬರುತ್ತಾನೆ. ಅಪ್ಪನಿಗೆ ರೇಡಿಯೋದಲ್ಲಿ ತಂತಿ ಕಳಿಸಿದೆ, ಜಗಳ ಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು. "ಕರೆದರೆ ಬರುವುದಿಲ್ಲ" ಎಂದು ಉತ್ತರ ಬಂತು.

ಘಾಟಿ ಅಲ್ಲೇ ಇರುತ್ತದೆ ಬೆನುವಾ. ನಾನು ಬರುವವರೆಗೆ ಸೈಕಲ್ ಮುಟ್ಟಬೇಡ. ನಾನು ಬರುವವರೆಗೆ, ಅಷ್ಟೇ.

ನಿನ್ನ ಅಣ್ಣ


ಸೇಂ-ಮೊರೆಲ್
14 ಆಗಸ್ಟ್ 1987

ಬೆನುವಾ,

ಇದನ್ನು ನಿನಗೆ ಈಗ ಕೊಡುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಹಡಗಿನಿಂದ ವಿಮಾನ, ವಿಮಾನದಿಂದ ರೈಲು, ರೈಲಿನಿಂದ ನೇರ ನಿನ್ನ ಆಸ್ಪತ್ರೆಗೆ ಬಂದೆ. ಬಾಗಿಲಲ್ಲೇ ನರ್ಸಮ್ಮ ತಡೆದಳು. "ಒಳಗೆ ಬಿಡೋ ಹಾಗಿಲ್ಲ" ಅಂದಳು. "ಅಮ್ಮಾ, ಭೂಮಿಯ ಆ ತುದಿಯಿಂದ ಬಂದಿದೀನಿ" ಅಂದೆ. "ಎಲ್ಲಿಂದ ಬಂದ್ರೂ ಅಷ್ಟೇ." ಆಮೇಲೆ ಡಾಕ್ಟರು ಬಂದರು. ಕೆಟ್ಟವರಲ್ಲ, ದಣಿದ ಮನುಷ್ಯ. "ನಿಮ್ಮ ತಮ್ಮನೇ ಒಪ್ಪಿ ಸಹಿ ಹಾಕಿದಾನೆ. ಗೊತ್ತುಮಾಡಿದ ತೂಕ ಬರೋವರೆಗೆ ಭೇಟಿ ಇಲ್ಲ, ಫೋನ್ ಇಲ್ಲ, ಕಾಗದ ಇಲ್ಲ. ಅದನ್ನೆಲ್ಲ ಅವನು ತಿಂದೇ ಸಂಪಾದಿಸಬೇಕು" ಅಂದರು. ಇದು ಚಿಕಿತ್ಸೆಯೋ ಜೈಲೋ ಎಂದು ಕೇಳಿದೆ. "ನಮಗೆ ಇದಕ್ಕಿಂತ ಚೆನ್ನಾಗಿರೋದು ಗೊತ್ತಿಲ್ಲ" ಅಂದರು.

ಅಂಗಳದಲ್ಲಿ ನಿಂತು ಕಿಟಕಿಗಳನ್ನು ನೋಡಿದೆ. ನಿನ್ನದು ಯಾವುದೋ ತಿಳಿಯಲಿಲ್ಲ.

ಮೇ ತಿಂಗಳಲ್ಲಿ ಏನಾಯಿತೆಂದು ಅಪ್ಪ ಹೇಳಲಾರದೆ ಹೇಳಿದ. ವೆರ್ನೆಯ ಕೆಳಗಿನ ಚರಂಡಿಯಲ್ಲಿ ನೀನು ಬಿದ್ದಿದ್ದೆಯಂತೆ, ಸೈಕಲ್ಲು ನಿನ್ನ ಮೇಲೆ. ಲೆಯೊಂತೀನ್ ಅಜ್ಜಿ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಟ್ರ್ಯಾಕ್ಟರಿನವನು ಬರುವವರೆಗೆ ಪಾತ್ರೆ ಬಡಿದಳಂತೆ. ನನ್ನ ಏಪ್ರಿಲ್ ಕಾಗದ ನೀನು ಬಿದ್ದ ಮರುದಿನ ಬಂತು. ಒಡೆಯದೆ ನಿನ್ನ ಮೇಜಿನ ಮೇಲಿದೆ.

ಎತಿಯೆನ್


ಸೇಂ-ಮೊರೆಲ್
22 ಸೆಪ್ಟೆಂಬರ್ 1987

ಬೆನುವಾ,

ನಿನ್ನ ಸೈಕಲ್ಲು ನೆಟ್ಟಗೆ ಮಾಡಿಸಿದೆ. ಸೀಟು ಇಳಿಸಿಕೊಂಡು ನಿನ್ನ ದಾರಿಯಲ್ಲಿ ಹೋದೆ. ಗಿರಣಿ ಸೇತುವೆ ದಾಟಿ ಎರಡನೆಯ ತಿರುವಿಗೇ ನಾಲಗೆ ಹೊರಗೆ ಬಂತು. ಇಳಿದು ತಳ್ಳಿದೆ. ಎಷ್ಟು ನಿಶ್ಶಬ್ದವಾಗಿದೆ ಅಲ್ಲಿ! ನೀನು ಅಲ್ಲಿ ದಿನವೂ ಒಬ್ಬನೇ ಏನು ಮಾಡುತ್ತಿದ್ದೆಯೋ ಎಂದು ನೆನೆದು ಮೊದಲ ಸಲ ಹೆದರಿಕೆಯಾಯಿತು.

ಲೆಯೊಂತೀನ್ ಅಜ್ಜಿ ನನ್ನನ್ನು ಕಂಡು ಅತ್ತಳು. "ಎತ್ತಿದ್ರೆ ಏನೂ ಭಾರಾನೇ ಇರ್ಲಿಲ್ಲ ಕಣಪ್ಪಾ. ನಾನು ಮುದುಕಿ, ನಾನೇ ಎತ್ತಿದೆ. ಎಂಬತ್ತರ ಮುದುಕಿ ಎತ್ತೋ ಹಾಗೆ ಗಂಡುಹುಡುಗ ಇರಬಾರ್ದು" ಅಂದಳು.

ಪಂದ್ಯ ಮುಗಿಯಿತು. ಬ್ಲಾಶೇರ್ ಬೇಕರಿಗೆ ಬಂದು ಟೋಪಿ ತೆಗೆದು ನಿಂತ. "ಹುಡುಗ ಹೇಗಿದಾನೆ? ಅವನಷ್ಟು ಚೆನ್ನಾಗಿ ಏರೋನು ಈ ಸಲ ಒಬ್ಬನೂ ಬರ್ಲಿಲ್ಲ" ಅಂದ. ಹೊಡೆಯಬೇಕೆನ್ನಿಸಿತು. ಬ್ರೆಡ್ಡು ಕಟ್ಟಿಕೊಟ್ಟು ಕಳಿಸಿದೆ.

ಡಾಕ್ಟರ ಹತ್ತಿರ ಇನ್ನೊಂದು ಸಲ ಮಾತಾಡಿದೆ. ಎಲ್ಲ ಸರಿಹೋಗುತ್ತದೆ ಅಂದರು. ನೀನು ಬಾ. ಬಂದ ಮೇಲೆ ಇಬ್ಬರೂ ನಿಧಾನವಾಗಿ ಫಾಯೊಲ್ ಏರೋಣ, ಈ ಸಲ ನೀನು ನಿಜವಾಗಿಯೂ ನನ್ನನ್ನು ಕಾಯಬೇಕಾಗುತ್ತದೆ.

ಎತಿಯೆನ್


ಆಸ್ಪತ್ರೆ
11 ಅಕ್ಟೋಬರ್ 1987

ಅಣ್ಣ,

ತೂಕ ಬಂತು. ನಿನ್ನೆ ನಿನ್ನ ಕಾಗದಗಳನ್ನು ಕೊಟ್ಟರು. ಏಪ್ರಿಲಿನದನ್ನೂ ನೀನೇ ಕಳಿಸಿದ್ದೆಯಲ್ಲ, ಅದನ್ನು ಕೊನೆಗೆ ಓದಿದೆ.

ಇಲ್ಲಿ ಕೋಣೆಯಲ್ಲಿ ಹಾಸಿಗೆ, ಕುರ್ಚಿ, ಕಿಟಕಿ ಅಷ್ಟೇ ಇವೆ. ಕಿಟಕಿಯಿಂದ ಕಾಣುವುದು ಗೋಡೆ. ಎದ್ದು ಓಡಾಡಿದರೆ ಬೈಯುತ್ತಾರೆ. ಊಟ ಮುಗಿಯುವವರೆಗೆ ಒಬ್ಬಳು ಎದುರು ಕೂತು ಹೆಣೆಯುತ್ತಾಳೆ. "ನಿಂಗೆ ಸಾಯೋಕೆ ಇಷ್ಟಾನಾ?" ಎಂದು ಒಮ್ಮೆ ಕೇಳಿದಳು. ಇಲ್ಲ ಎಂದೆ. ಸಾಯಲು ಇಷ್ಟವಿಲ್ಲ ಅಣ್ಣ. ತಿನ್ನಲು ಆಗುವುದಿಲ್ಲ. ಇವೆರಡೂ ಹೇಗೆ ಒಟ್ಟಿಗೆ ಇರುತ್ತವೆ ಎಂದು ಯಾರಿಗೂ ವಿವರಿಸಲು ನನ್ನಿಂದ ಆಗಿಲ್ಲ.

ನಿನಗೊಬ್ಬನಿಗೆ ಹೇಳುತ್ತೇನೆ. ತಕ್ಕಡಿಯ ಮೇಲೆ ಬಂದ ತೂಕ ನನ್ನದಲ್ಲ. ಹೇಗೆಂದು ಕೇಳಬೇಡ. ಮುಂದಿನ ವಾರ ಇನ್ನೊಮ್ಮೆ ತೂಗಿ ಮನೆಗೆ ಬಿಡುತ್ತಾರೆ. ನೀನು ಬರೆದೆಯಲ್ಲ, ಇಬ್ಬರೂ ನಿಧಾನವಾಗಿ ಏರೋಣ ಎಂದು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಮನೆಗೆ ಬಂದರೆ, ಆ ದಾರಿಗೆ ಬಂದರೆ, ನಿನ್ನ ಕೈಯಿಂದ ತಿನ್ನುತ್ತೇನೆ. ಇವರ ಕೈಯಿಂದ ಆಗದು. ಯಾರಿಗೂ ಹೇಳಬೇಡ. ನಿನ್ನ ಹೊರತು ನನಗೆ ಯಾರೂ ಇಲ್ಲ.

ಬೆನುವಾ


ಸೇಂ-ಮೊರೆಲ್
15 ಅಕ್ಟೋಬರ್ 1987

ಬೆನುವಾ,

ಡಾಕ್ಟರಿಗೆ ಹೇಳಿದ್ದೇನೆ.

ಈ ಕಾಗದ ನಿನಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಇವತ್ತಂತೂ ಸಿಗುವುದಿಲ್ಲ. ಇವತ್ತು ಬೆಳಿಗ್ಗೆ ಅವರು ನಿನ್ನನ್ನು ಮತ್ತೆ ತೂಗಿರುತ್ತಾರೆ, ನನ್ನ ಕಾಗದಗಳನ್ನು ಕಿತ್ತುಕೊಂಡಿರುತ್ತಾರೆ, ಯಾರು ಹೇಳಿದ್ದೆಂದು ನಿನಗೆ ಗೊತ್ತಾಗಿರುತ್ತದೆ.

ಎರಡು ದಿನ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಅಪ್ಪನಿಗೆ ತೋರಿಸಿದೆ. ಅವನು ಹಿಟ್ಟಿನ ಮೂಟೆಯ ಮೇಲೆ ಕೂತು ಓದಿದ. "ಹೇಳಿದ್ರೆ ಇನ್ನು ಜನ್ಮದಲ್ಲಿ ನಿನ್ನ ಮುಖ ನೋಡಲ್ಲ ಅವನು" ಅಂದ. "ನೋಡೋದು ಬೇಡ ಅಪ್ಪ. ನೋಡದೇ ಇರೋಕಾದ್ರೂ ಕಣ್ಣು ತೆರೆದಿರ್ಲಿ" ಅಂದೆ. ಅಪ್ಪನೇ ಹೋಗಿ ಫೋನ್ ತೆಗೆದು ನನ್ನ ಕೈಗೆ ಕೊಟ್ಟ.

ಇನ್ನೊಂದು ಇದೆ. ಅದನ್ನೂ ಈಗಲೇ ಬರೆಯುತ್ತೇನೆ, ಮತ್ತೆ ಧೈರ್ಯ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ನಾನು ಸುಳ್ಳು ಬರೆದೆ. ಎಲ್ಲ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲ. ನಿನ್ನ ಹೃದಯ ಸೊರಗಿ ಹೋಗಿದೆ, ಮೈ ತುಂಬಿಕೊಂಡರೂ ಅದು ಮೊದಲಿನಂತಾಗುವುದಿಲ್ಲ, ಇನ್ನು ನೀನು ಏರು ಹತ್ತುವಂತಿಲ್ಲ ಎಂದಿದ್ದರು. ನಿನಗೆ ತಿನ್ನಲು ಒಂದು ಕಾರಣ ಬೇಕಲ್ಲ ಎಂದು ಘಾಟಿಯನ್ನು ತೋರಿಸಿದೆ. ನೀನು ಅದನ್ನೇ ಹಿಡಿದುಕೊಂಡು ತಕ್ಕಡಿಗೆ ಮೋಸ ಮಾಡಿದೆ. ನಮ್ಮಿಬ್ಬರಲ್ಲಿ ಯಾರು ಯಾರಿಗೆ ಮೋಸ ಮಾಡಿದೆವೋ.

ನಾನು ಇಲ್ಲೇ ಇದ್ದೇನೆ. ದ್ವೀಪಕ್ಕೆ ಇನ್ನು ಹೋಗುವುದಿಲ್ಲ.

ಎತಿಯೆನ್


ಆಸ್ಪತ್ರೆ
28 ಫೆಬ್ರವರಿ 1988

ಎತಿಯೆನ್,

ನಿನ್ನ ಅಕ್ಟೋಬರಿನ ಕಾಗದ ಇವತ್ತು ಸಿಕ್ಕಿತು. ಈ ಸಲ ತೂಕ ನನ್ನದೇ. ಅವರು ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡರು.

ಚಳಿಗಾಲವೆಲ್ಲ ನಿನ್ನನ್ನು ದ್ವೇಷಿಸುತ್ತಾ ತಿಂದೆ. ತಿನ್ನಲು ಕಾರಣ ಬೇಕು ಎಂದಿದ್ದೆಯಲ್ಲ, ಅದೇ ಆಯಿತು. ಇಲ್ಲಿಂದ ಹೊರಗೆ ಬಂದು ನಿನ್ನ ಮುಖಕ್ಕೆ ಹೇಳಬೇಕಾದ ಮಾತುಗಳನ್ನು ಪ್ರತಿ ತುತ್ತಿಗೂ ಜೋಡಿಸುತ್ತಿದ್ದೆ. ಆ ಹೆಂಗಸು ಎದುರು ಕೂತು ಮೂರು ಸ್ವೆಟರ್ ಹೆಣೆದು ಮುಗಿಸಿದಳು. ಈಗ ಆ ಮಾತುಗಳಲ್ಲಿ ಒಂದೂ ನೆನಪಿಗೆ ಬರುತ್ತಿಲ್ಲ. ಹೃದಯದ ವಿಷಯ ನನಗೆ ಆಗಲೇ ಗೊತ್ತಿತ್ತು. ಕ್ರಿಸ್‌ಮಸ್ಸಿಗೆ ಮೊದಲು ಡಾಕ್ಟರೇ ಹೇಳಿದರು. "ಸಮತಟ್ಟಾದ ದಾರಿಯಲ್ಲಾದ್ರೂ?" ಎಂದು ಕೇಳಿದೆ. ಅವರು ನನ್ನ ಕಿಟಕಿಯಾಚೆಯ ಗೋಡೆಯನ್ನು ನೋಡುತ್ತಾ ನಿಂತರು.

ಕನ್ನಡಿಯಲ್ಲಿ ಮೊದಲಿನ ಬೆನುವಾ ಇದ್ದಾನೆ, ಕೆನ್ನೆ ತುಂಬಿಕೊಂಡಿದೆ. ಅವನ ಜೊತೆ ದಿನವಿಡೀ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಸಂಜೆ ತುಂಬಾ ದೂರ ಇರುತ್ತದೆ.

ನಿಮ್ಮಣ್ಣನೇ ನಿನ್ನನ್ನು ಉಳಿಸಿದ್ದು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಯಾತಕ್ಕೆ ಉಳಿಸಿದೆ ಎಂದು ಮಾತ್ರ ನೀನು ಯಾವ ಕಾಗದದಲ್ಲೂ ಬರೆದಿಲ್ಲ.

ಭಾನುವಾರ ಮಧ್ಯಾಹ್ನ ಭೇಟಿಗೆ ಬಿಡುತ್ತಾರೆ. ಬರುವುದಾದರೆ ಅದನ್ನು ಯೋಚಿಸಿಕೊಂಡು ಬಾ.

ಬೆನುವಾ